ಹಳೇ ಪೇಟೆಯ ಮಾಳಿಗೆ ಕೆಡವಿ ಹೋಟೆಲ್ ಬೇಕಾ?

ಹೆಂಚಿನಮನೆ: ಕಾಸರಗೋಡಿನ ನಮ್ಮ ಹಳೇ ಪೇಟೆಯಲ್ಲಿ ಸಾಲಾಗಿ ನಿಂತ ಮೂರು ಮಾಳಿಗೆ ಮನೆಗಳನ್ನು ಕೆಡವಿ ಐದು ಅಂತಸ್ತಿನ ಹೋಟೆಲ್ ಕಟ್ಟುತ್ತಾರಂತೆ. ಆಕ್ಷೇಪ ಇದ್ದರೆ ತಿಳಿಸಿ ಅಂತ ನೋಟಿಸ್ ಅಂಟಿಸಿದ್ದಾರೆ, ಅದೂ ಮಲಯಾಳದಲ್ಲಿ ಮಾತ್ರ. ಪಕ್ಕದ ಮನೆಯ ಅಜ್ಜಿ ಅದನ್ನು ಕರೆಂಟ್ ಕಟ್ಟಿನ ನೋಟಿಸ್ ಅಂದುಕೊಂಡಿದ್ದರು. ಮುರಕಲ್ಲಿನ ಗೋಡೆ, ಮರದ ಅಟ್ಟ, ರಸ್ತೆಗೆ ಚಾಚಿದ ಜಗಲಿ. ಪೇಟೆಯಲ್ಲಿ ಇಂಥ ಸಾಲು ಉಳಿದಿರುವುದು ಇದೊಂದೇ. ಹೆಂಚಿನ ಮೇಲೆ 1865 ಅಂತ ಅಚ್ಚು ಬೇರೆ ಇದೆ!

ಕೋಟೆಬಾಗಿಲು: ಹೆದರಬೇಡಿ. ಹಳೇ ಕಟ್ಟಡದ ಸುತ್ತ 100 ಮೀಟರ್ ಒಳಗೆ ಏನೂ ಕಟ್ಟುವಂತಿಲ್ಲ. ಬೇಕಲದಲ್ಲಿ ಇಲ್ವಾ?

ಪಯಸ್ವಿನಿ: ಅಷ್ಟು ಸುಲಭ ಇಲ್ಲ. 100 ಮೀಟರ್ ನಿಷೇಧ, ಅದರಾಚೆ ಇನ್ನೂ 200 ಮೀಟರ್‌ಗೆ ಅನುಮತಿ ಬೇಕು ಅನ್ನುವುದು 2010ರಲ್ಲಿ ಬಂದ ಕೇಂದ್ರದ ತಿದ್ದುಪಡಿ. ಕೇಂದ್ರ ಪುರಾತತ್ವ ಇಲಾಖೆಯ ಪಟ್ಟಿಯಲ್ಲಿರುವ ಸ್ಮಾರಕಕ್ಕೆ ಮಾತ್ರ ಅದು. ಬೇಕಲ ಕೋಟೆ ಆ ಪಟ್ಟಿಯಲ್ಲಿದೆ. ಚಂದ್ರಗಿರಿ ಕೋಟೆ ರಾಜ್ಯದ ಇಲಾಖೆಯದು. ಎರಡೂ ಕೆಳದಿಯವರ ಕಾಲದ್ದೇ, ಆದರೆ ಕಾನೂನು ಬೇರೆ ಬೇರೆ. ನಮ್ಮ ಮಾಳಿಗೆಗಳು ಯಾವ ಪಟ್ಟಿಯಲ್ಲೂ ಇಲ್ಲ. ಮತ್ತೆ 1865 ಅಂದರೆ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ವರ್ಷ, ಮನೆ ಕಟ್ಟಿದ ವರ್ಷ ಅಲ್ಲ. ಅರ್ಜಿಯಲ್ಲಿ ಅದನ್ನು ಬರೆದರೆ ಮೊದಲ ಸಾಲಿಗೇ ಸಿಕ್ಕಿಬೀಳುತ್ತೀರಿ.

ದುಬೈಕಾರ: ಅದರಲ್ಲಿ ಒಂದು ಮನೆಯಲ್ಲಿ ನಮಗೂ ಪಾಲಿದೆ. ಒಟ್ಟು ಹನ್ನೊಂದು ಪಾಲುದಾರರು. ಪ್ರತಿ ಮಳೆಗಾಲ ಹೆಂಚು ಬದಲಿಸಲು ದುಡ್ಡು ಯಾರು ಕೊಡುತ್ತಾರೆ? ನೀವು ಫೋಟೋ ತೆಗೆದು ಹೋಗುತ್ತೀರಿ. ಬೇಕಲವನ್ನು 1992ರಲ್ಲೇ ವಿಶೇಷ ಪ್ರವಾಸೋದ್ಯಮ ಪ್ರದೇಶ ಅಂತ ಸಾರಿದರು. ನಮ್ಮ ಪೇಟೆಗೆ ಏನು ಬಂತು?

ಮುರಕಲ್ಲು: ನಾನು ಕಟ್ಟಡ ಕೆಲಸದವನು, ಅದರಲ್ಲೂ ಹಳೇ ಮನೆ ರಿಪೇರಿ ಜಾಸ್ತಿ. ಒಂದು ಮಾತು ನೆನಪಿಟ್ಟುಕೊಳ್ಳಿ. ಯಾರಾದರೂ ಮೊದಲು ಹೆಂಚು ಇಳಿಸಲು ಬಂದರೆ ಎಚ್ಚರ. ನಮ್ಮಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ. ಮೇಲೆ ಸೂರಿಲ್ಲದ ಮುರಕಲ್ಲಿನ ಗೋಡೆ ನೀರು ಕುಡಿದು ಮೆತ್ತಗಾಗುತ್ತದೆ, ಆಮೇಲೆ ಉದುರುತ್ತದೆ. ಆಗ ಅಪಾಯದ ಕಟ್ಟಡ ಅಂತ ಬರೆಸುವುದು ಸುಲಭ. ಸುಣ್ಣದ ಗಾರೆ ಕಿತ್ತು ಸಿಮೆಂಟು ಬಳಿಯುವುದೂ ಅಷ್ಟೇ ಕೆಟ್ಟದ್ದು, ತೇವ ಒಳಗೇ ಉಳಿಯುತ್ತದೆ. ಇನ್ನು ಐದು ಅಂತಸ್ತಿನ ಅಡಿಪಾಯಕ್ಕೆ ನೆಲದಾಳಕ್ಕೆ ಕಂಬ ಇಳಿಸುವ ಪೈಲಿಂಗ್ ಹೊಡೆದರೆ ಪಕ್ಕದ ಅಜ್ಜಿ ಮನೆಯ ಗೋಡೆ ಬಿರುಕು ಬಿಡದೆ ಇರುತ್ತದಾ?

ಆದರೆ ದುಬೈಕಾರರ ಸಂಕಟ ಸುಳ್ಳಲ್ಲ. ಮುಂದಿನ ಮಾಳಿಗೆ ಇಟ್ಟುಕೊಂಡು ಹಿತ್ತಿಲಲ್ಲಿ ಎರಡು ಅಂತಸ್ತಿನ ಕೋಣೆ ಕಟ್ಟಲಿ. ಫೋರ್ಟ್ ಕೊಚ್ಚಿಯಲ್ಲಿ ಹಳೇ ಮನೆಗಳೇ ಹೋಂಸ್ಟೇ ಆಗಿ ದುಡಿಯುತ್ತಿವೆ.

ದುಬೈಕಾರ: ಹಿತ್ತಿಲಲ್ಲಿ ಬಾವಿ ಇದೆ ಮಾರಾಯ್ರೇ. ಎಷ್ಟು ಕೋಣೆ ಆದೀತು?

ಮುರಕಲ್ಲು: ಬಾವಿ ಬಿಟ್ಟು ಹನ್ನೆರಡು. ಮೊನ್ನೆ ಸುಮ್ನೆ ಹೆಜ್ಜೆ ಹಾಕಿ ಅಳೆದೆ.

ಕೋಟೆಬಾಗಿಲು: ನನ್ನ 100 ಮೀಟರ್ ವಾಪಸ್. ಎಲ್ಲ ಗುಂಪಿಗೂ ಕಳಿಸಿಬಿಟ್ಟಿದ್ದೇನೆ, ಅದೇ ತಲೆನೋವು.

ಹೆಂಚಿನಮನೆ: ಆಕ್ಷೇಪ ಕನ್ನಡದಲ್ಲಿ ಕೊಟ್ಟರೆ ತೆಗೆದುಕೊಳ್ಳುತ್ತಾರಾ?

ಪಯಸ್ವಿನಿ: ತೆಗೆದುಕೊಳ್ಳಬೇಕು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರಿಗೆ ಆ ಹಕ್ಕಿದೆ, ಉತ್ತರವೂ ಕನ್ನಡದಲ್ಲಿ ಸಿಗಬೇಕು. ನೋಟಿಸ್ ಕನ್ನಡದಲ್ಲಿ ಯಾಕಿಲ್ಲ ಅಂತ ಮೊದಲು ಕೇಳಿ. ಪರಂಪರೆ ಅಂತ ಪುಟಗಟ್ಟಲೆ ಬರೆಯಬೇಡಿ. ರಸ್ತೆ ಅಗಲ, ಪಾರ್ಕಿಂಗ್, ಚರಂಡಿ, ಪಕ್ಕದ ಗೋಡೆ, ಬಾವಿ ನೀರು. ಇವನ್ನು ಅಷ್ಟು ಸುಲಭಕ್ಕೆ ಪಕ್ಕಕ್ಕಿಡಲು ಆಗುವುದಿಲ್ಲ.

ಹೆಂಚಿನಮನೆ: ಭಾನುವಾರ ನಮ್ಮ ಜಗಲಿಯಲ್ಲಿ ಕೂತು ಬರೆಯೋಣ. ಅಜ್ಜಿ ಮೊದಲ ಸಹಿ ತನ್ನದೇ ಅಂದಿದ್ದಾರೆ. ದುಬೈಕಾರರೇ, ನಿಮ್ಮದು?

ದುಬೈಕಾರ: ಹೆಂಚು ಮುಟ್ಟಬೇಡಿ ಅಂತ ಅಣ್ಣನಿಗೆ ಈಗಲೇ ಫೋನ್ ಮಾಡುತ್ತೇನೆ. ಸಹಿ ಮಾತ್ರ ಸದ್ಯ ಕೇಳಬೇಡಿ.