ಅಪ್‌ಡೇಟ್: ಅರ್ಧಕ್ಕೆ ನಿಂತಿದ್ದ ಲಿನಕ್ಸ್ ನವೀಕರಣ ಮುಗಿಯಿತು

ಡಿಸ್ಕ್‌ನಲ್ಲಿ ಬೇಕಾದಷ್ಟು ಜಾಗವಿದ್ದರೂ ಲಿನಕ್ಸ್ ನವೀಕರಣ ‘ಜಾಗವಿಲ್ಲ’ ಎಂದು ಅರ್ಧಕ್ಕೇ ನಿಲ್ಲುತ್ತದೆ ಎಂದು ಕೇಳಿದ್ದೆನಲ್ಲ, ಅದು ಬಗೆಹರಿಯಿತು. ಸಂದೇಶ ಸುಳ್ಳು ಹೇಳಿರಲಿಲ್ಲ. ತುಂಬಿದ್ದು ಮುಖ್ಯ ಡಿಸ್ಕ್ ಅಲ್ಲ, ಕಂಪ್ಯೂಟರ್ ಆರಂಭಕ್ಕೆ ಬೇಕಾದ ಕಡತಗಳಿರುವ, 512 ಎಂಬಿಯ ಪ್ರತ್ಯೇಕ ಬೂಟ್ ವಿಭಾಗ. ಅಲ್ಲಿ ಹಳೆಯ ಕರ್ನಲ್‌ಗಳು, ಅಂದರೆ ಲಿನಕ್ಸ್‌ನ ತಿರುಳು ತಂತ್ರಾಂಶದ ಹಿಂದಿನ ಆವೃತ್ತಿಗಳು, ಠಿಕಾಣಿ ಹೂಡಿದ್ದವು. ಕರ್ನಲ್ ಕಡತವೇನೋ ಚಿಕ್ಕದೇ. ಜೊತೆಗೆ ಬರುವ ಇನಿಟ್‌ರ್ಯಾಮ್‌ಎಫ್‌ಎಸ್ ಕಡತವೇ (ಆರಂಭದ ಹೊತ್ತಿಗೆ ಕರ್ನಲ್‌ಗೆ ಬೇಕಾಗುವ ಸಾಮಗ್ರಿಯ ಕಟ್ಟು) ಜಾಗ ನುಂಗುವುದು. ಹೊಸ ಕರ್ನಲ್‌ಗಾಗಿ ಅದನ್ನು ಬರೆಯುವ ಹೊತ್ತಿಗೇ ಎಲ್ಲವೂ ಕೈಕೊಡುತ್ತಿತ್ತು.

ಹಳೆಯದನ್ನು ತೆಗೆಯಬೇಕಾದ ‘ಆಪ್ಟ್ ಆಟೋರಿಮೂವ್’ ಆಜ್ಞೆಯೂ ಮೊದಲು ನಡೆಯಲಿಲ್ಲ. ಅರ್ಧ ಅಳವಡಿಕೆಯಾಗಿದ್ದ ಹೊಸ ಕರ್ನಲ್‌ನ ಪ್ಯಾಕೇಜನ್ನು ಮುಗಿಸಲು ಹೋಗಿ ಅದೂ ಅಲ್ಲೇ ಮುಗ್ಗರಿಸಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ! ಕೊನೆಗೆ, ಈಗ ನಡೆಯುತ್ತಿರುವ ಕರ್ನಲ್ ಯಾವುದೆಂದು ‘ಯುನೇಮ್ -ಆರ್’ ಆಜ್ಞೆಯಿಂದ ನೋಡಿಕೊಂಡು, ಅದಕ್ಕಿಂತ ಹಳೆಯದೊಂದರ ಇನಿಟ್‌ರ್ಯಾಮ್‌ಎಫ್‌ಎಸ್ ಕಡತವನ್ನು ಹೋಮ್ ಫೋಲ್ಡರ್‌ಗೆ ಸಾಗಿಸಿದೆ. ಅಷ್ಟು ಜಾಗ ಸಿಕ್ಕಿದ್ದೇ ತಡ, ಬಾಕಿಯಿದ್ದ ಅಳವಡಿಕೆ ಪೂರ್ಣಗೊಂಡಿತು. ಬಳಿಕ ಆಟೋರಿಮೂವ್ ಬೇಡವಾದ ಹಳೆಯ ಕರ್ನಲ್‌ಗಳನ್ನು ಗುಡಿಸಿ ಹಾಕಿತು.

ಎಲ್ಲವನ್ನೂ ಅಳಿಸಿ ಲಿನಕ್ಸನ್ನೇ ಹೊಸದಾಗಿ ಹಾಕಿ ಎಂದವರಿಗೆ ದೂರದಿಂದಲೇ ನಮಸ್ಕಾರ. ಅದರ ಅಗತ್ಯವೇ ಬೀಳಲಿಲ್ಲ. ಹಿಂದಿನ ಒಂದು ಕರ್ನಲನ್ನು ಮಾತ್ರ ಬೇಕೆಂದೇ ಉಳಿಸಿಕೊಂಡಿದ್ದೇನೆ. ಹೊಸದು ತಕರಾರು ತೆಗೆದರೆ ಆರಂಭದ ಆಯ್ಕೆಪಟ್ಟಿಯಾದ ಗ್ರಬ್ ಮೆನುವಿನಲ್ಲಿ ಅದನ್ನೇ ಆರಿಸಿ ಕಂಪ್ಯೂಟರ್ ಆರಂಭಿಸಬಹುದು.