ರೇಡ್ ಇದ್ದರೂ ನ್ಯಾಸ್‌ಗೆ ಬ್ಯಾಕಪ್ ಬೇಕೇ?

ಶಿರಸಿಯ ಸ್ಟುಡಿಯೋದವ: ಮಾರಿಕಾಂಬಾ ಜಾತ್ರೆಯ ಚಿತ್ರಗಳು, ಊರವರ ಮದುವೆ ವಿಡಿಯೊಗಳು ಎಲ್ಲವೂ ಎರಡು ಡಿಸ್ಕಿನ ಸೈನಾಲಜಿ ನ್ಯಾಸ್‌ನಲ್ಲಿ (ನೆಟ್‌ವರ್ಕಿಗೆ ಜೋಡಿಸಿದ ಸಂಗ್ರಹ ಪೆಟ್ಟಿಗೆ) ಇವೆ. ರೇಡ್ 1 ಹಾಕಿದ್ದೇನೆ, ಅಂದರೆ ಎರಡೂ ಡಿಸ್ಕಿನಲ್ಲಿ ಒಂದೇ ಪ್ರತಿ ಇರುತ್ತದೆ. ಅದರ ಮೇಲೆ ಸೈನಾಲಜಿಯ ಬ್ಯಾಕಪ್ ಆ್ಯಪ್ ಹೈಪರ್ ಬ್ಯಾಕಪ್ ಕೂಡ ಬೇಕೇ? ಮಳೆಗಾಲ ಹತ್ತಿರ ಬಂತು, ಗುಡುಗಿದರೆ ನನಗೆ ನಿದ್ದೆ ಹತ್ತುವುದಿಲ್ಲ.

ಕಾರವಾರದಿಂದ: ಬೇಕೇ ಬೇಕು. ರೇಡ್ ಎಂದರೆ ಬ್ಯಾಕಪ್ ಅಲ್ಲ ಮಾರಾಯರೇ. ನೀವು ಕೈತಪ್ಪಿ ಅಳಿಸಿದ ಫೋಲ್ಡರ್ ಎರಡೂ ಡಿಸ್ಕಿನಿಂದ ಒಟ್ಟಿಗೇ ಮಾಯವಾಗುತ್ತದೆ. ಪ್ಯಾಕೇಜ್ ಸೆಂಟರಿನಿಂದ ಹೈಪರ್ ಬ್ಯಾಕಪ್ ಹಾಕಿಕೊಂಡು, ಯುಎಸ್‌ಬಿ ಡಿಸ್ಕಿಗೆ ಪ್ರತಿ ರಾತ್ರಿ ಓಡುವಂತೆ ಟಾಸ್ಕ್ ಮಾಡಿ. ಹಳೆಯ ಆವೃತ್ತಿಗಳನ್ನೂ ಉಳಿಸಿಕೊಳ್ಳುವಂತೆ ಹೊಂದಿಸಿ. ಎನ್‌ಕ್ರಿಪ್ಷನ್ ಇಟ್ಟರೆ ಪಾಸ್‌ವರ್ಡನ್ನು ಕಾಗದದಲ್ಲಿಯೂ ಬರೆದಿಡಿ.

ಹೊನ್ನಾವರದಿಂದ: ಪ್ರತಿ ರಾತ್ರಿ ಎಂದರೆ ಡಿಸ್ಕ್ ಸದಾ ಸಿಕ್ಕಿಸಿಯೇ ಇರಬೇಕು. ಸಿಡಿಲು ಬಡಿದರೆ ನ್ಯಾಸ್, ಬ್ಯಾಕಪ್ ಡಿಸ್ಕ್ ಎರಡೂ ಹೋಗುತ್ತವೆ. ಅದು ಲ್ಯಾನ್ ಕೇಬಲಿನಲ್ಲೂ ಬರುತ್ತದೆ. ಎರಡು ಯುಎಸ್‌ಬಿ ಡಿಸ್ಕ್ ಇಟ್ಟುಕೊಂಡು, ಒಂದೊಂದಕ್ಕೂ ಬೇರೆ ಟಾಸ್ಕ್ ಮಾಡಿ, ವಾರಕ್ಕೊಮ್ಮೆ ಬದಲಾಯಿಸಿ. ಹೊರಗಿರುವುದನ್ನು ಮನೆಯಲ್ಲಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ನಮ್ಮ ಬೂಸಲು ಯಾವುದನ್ನೂ ಬಿಡುವುದಿಲ್ಲ. ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ನ್ಯಾಸ್‌ಗೆ ಜೋಡಿಸಿ, ನ್ಯಾಸ್‌ನ ಸೆಟ್ಟಿಂಗ್‌ನಲ್ಲಿ ಯುಪಿಎಸ್ ಬೆಂಬಲ ಆನ್ ಮಾಡಿದರೆ ಕರೆಂಟ್ ಹೋದಾಗ ಅದು ತಾನಾಗಿಯೇ ಸುರಕ್ಷಿತವಾಗಿ ನಿಲ್ಲುತ್ತದೆ.

ಶಿರಸಿಯ ಸ್ಟುಡಿಯೋದವ: ಎರಡನೆಯ ಡಿಸ್ಕಿಗೆ ಹೇಳಿದ್ದೇನೆ. ಇರುವ ಡಿಸ್ಕಿನಲ್ಲಿ ಮೊದಲ ಬ್ಯಾಕಪ್ ಓಡುತ್ತಿದೆ. ಮುಗಿದ ಮೇಲೆ ಒಂದು ಮದುವೆಯ ಫೋಲ್ಡರನ್ನು ಬೇರೆ ಜಾಗಕ್ಕೆ ರಿಸ್ಟೋರ್ ಮಾಡಿ, ತೆರೆದು ನೋಡುತ್ತೇನೆ.