ಸಹಾಯ ಬೇಕು: ‘ಕ್ಯಾಲಿಫೋರ್ನಿಯಾ’ ಸಿನಿಮಾದ ಅಡೆಲ್‌ಗೆ ನಿಜವಾಗಿ ಎಷ್ಟು ಗೊತ್ತು?

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಗೆಳೆಯರೆಲ್ಲ ಸೇರಿ ಡಾಮಿನಿಕ್ ಸೆನಾ ನಿರ್ದೇಶನದ 1993ರ ‘ಕ್ಯಾಲಿಫೋರ್ನಿಯಾ’ ನೋಡುತ್ತಿದ್ದೇವೆ. (ಇಂಗ್ಲಿಷಿನಲ್ಲಿ ಹೆಸರು ಶುರುವಾಗುವುದು ‘ಕೆ’ ಅಕ್ಷರದಿಂದ. ಹುಡುಕುವವರಿಗೆ ಇರಲಿ.) ಆಮೇಲೆ ಮಾತು ಶುರು ಮಾಡಬೇಕಾದವನು ನಾನು. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಬ್ರಯಾನ್ ಸರಣಿ ಕೊಲೆಗಾರರ ಬಗ್ಗೆ ಪುಸ್ತಕ ಬರೆಯುವವನು, ಅವನ ಗೆಳತಿ ಕ್ಯಾರಿ ಫೋಟೋ ತೆಗೆಯುವವಳು. ಪೆಟ್ರೋಲ್ ಖರ್ಚು ಹಂಚಿಕೊಳ್ಳಲು ಕಾರಿಗೆ ಹತ್ತಿಸಿಕೊಂಡ ಅರ್ಲಿಯೇ ಅಸಲಿ ಕೊಲೆಗಾರ! ಆ ಜಿಡ್ಡು ಕೂದಲಿನ ಬ್ರಾಡ್ ಪಿಟ್ ಬಗ್ಗೆ ಮಾತಾಡುವುದು ಸುಲಭ. ನನಗೆ ಕಷ್ಟ ಆಗಿರುವುದು ಅವನ ಜೊತೆಗಾತಿ ಅಡೆಲ್, ಅಂದರೆ ಜೂಲಿಯೆಟ್ ಲೂಯಿಸ್. ಚಿಕ್ಕ ಹುಡುಗಿ ಥರ ಯೋ-ಯೋ ಆಡಿಕೊಂಡಿರುತ್ತಾಳೆ. ಅವನು ಹೊಡೆದರೂ ಅವನ ಪರವೇ ಮಾತಾಡುತ್ತಾಳೆ. ಕ್ಯಾರಿ ಅವಳ ಕೂದಲು ಕತ್ತರಿಸುವ ದೃಶ್ಯ ನೆನಪಿದೆ ಅಲ್ವಾ? ಅದನ್ನು ಮೂರು ಸಲ ನೋಡಿದೆ. ಅರ್ಲಿಯ ಕೊಲೆಗಳ ಬಗ್ಗೆ ಅಡೆಲ್‌ಗೆ ಏನೂ ಗೊತ್ತಿಲ್ಲವೋ, ಗೊತ್ತಿದ್ದೂ ಸುಮ್ನೆ ಇದ್ದಾಳೋ? ಲೂಯಿಸ್ ಇದನ್ನು ಬೇಕಂತಲೇ ಬಿಡಿಸಿ ಹೇಳಿಲ್ಲ ಅನ್ನುವುದು ನನ್ನ ಅನಿಸಿಕೆ. ನಿಮಗೇನನ್ನಿಸಿತು?

ಇನ್ನೊಂದು. ಅರ್ಲಿ ಕೈಗೆ ಕೊಟ್ಟ ಬಂದೂಕು ಹಾರಿಸುವಾಗ ಬ್ರಯಾನ್‌ಗೆ ಖುಷಿಯೇ ಜಾಸ್ತಿ. ಕ್ಯಾರಿಗೆ ಮಾತ್ರ ಮೊದಲಿಂದಲೂ ಅನುಮಾನ. ಬ್ರಯಾನ್ ಪಾತ್ರದ ಡೇವಿಡ್ ಡುಕೋವ್ನಿ ಅಭಿನಯ ಸಪ್ಪೆ ಅಂತ ನಮ್ಮಲ್ಲಿ ಇಬ್ಬರ ದೂರು. ಆ ಸಪ್ಪೆತನ ಪಾತ್ರದ್ದೇ ಅಂತ ವಾದಿಸಬಹುದಾ? ಯಾವ ದೃಶ್ಯ ತೋರಿಸಲಿ?

ಶುಕ್ರವಾರದೊಳಗೆ ಹೇಳಿದರೆ ಉಪಕಾರ. ಕೊನೆಯಲ್ಲಿ ಏನಾಗುತ್ತದೆ ಅಂತ ಮಾತ್ರ ಕಾಮೆಂಟಿನಲ್ಲಿ ಬರೆಯಬೇಡಿ, ಬರುವವರಲ್ಲಿ ನಾಲ್ಕು ಜನ ಇದೇ ಗುಂಪಿನಲ್ಲಿದ್ದಾರೆ.